ಮಸಿ ಒರೆಸಿದ ಗೋಡೆ

ಮದ್ದೂರಿನ ನೋಂದಣಿ ಕಚೇರಿ ಪಕ್ಕ
ಹೊಂಗೆ ಮರದಡಿ ನನ್ನ ಮೇಜು.
ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೇನೆ ಚೆಕ್ಕುಬಂದಿ:
ಮೂಡಲಿಗೆ ಯಾರ ಗದ್ದೆ, ಪಡುವಲಿಗೆ ಯಾರ ಬೇಲಿ,
ನಡುವೆ ಉಳಿದದ್ದು ಸದರಿ ಸ್ವತ್ತು.

ಸಹಿ ಬಾರದವರ ಕೈ ನನ್ನ ಕೈಗೆ ಬರುತ್ತದೆ.
ಹೆಬ್ಬೆರಳು ಹಿಡಿದರೆ ಸಾಕು, ಕಸುಬು ಗೊತ್ತಾಗುತ್ತದೆ.
ಕಬ್ಬಿನ ಗರಿ ಕುಯ್ದ ಗೀರು,
ಸುಣ್ಣ ತಿಂದ ಬಿರುಕು.
ಶಿವನಂಜಮ್ಮನದು ಬೇರೆ.
ರೇಷ್ಮೆ ಬಿಚ್ಚುವ ಕಾರ್ಖಾನೆಯ ಕುದಿನೀರಲ್ಲಿ
ಬೆಂದು ಬೆಂದು ಬಿಳಿಚಿದ ಬೆರಳು;
ಗೆರೆ ಇದ್ದೂ ಇಲ್ಲ,
ಜೇಬಲ್ಲೇ ಒಗೆತಕ್ಕೆ ಹೋದ ಚೀಟಿಯ ಬರಹದ ಹಾಗೆ.

ಅವತ್ತು ತಮ್ಮನಿಗೆ ಹಕ್ಕು ಖುಲಾಸೆ, ತವರಿನ ಹತ್ತಡಿ ಓಣಿ.
ಮೂರು ಸಲ ಒತ್ತಿಸಿದೆ, ಮೂರು ಸಲವೂ ಮಬ್ಬು.
‘ಒಂದು ವಾರ ನೀರಿಗೆ ಕೈಯಿಡಬೇಡ ತಾಯಿ,
ಎಣ್ಣೆ ಹಚ್ಚು, ಗೆರೆ ಎದ್ದು ಬರಲಿ’
ಅಂದವನು ನಾನೇ.
ವಾರದ ಕೂಲಿ ಬಿಟ್ಟು ಬಂದಳು.
ಈ ಸಲ ಬಿದ್ದ ಗುರುತು ಎಷ್ಟು ಚೆಂದವೆಂದರೆ
ಕೆರೆಗೆ ಕಲ್ಲೆಸೆದಾಗಿನ ಅಲೆ,
ಒಂದೊಂದನ್ನೂ ಎಣಿಸಬಹುದು.
ನಾನು ಬೀಗಿದೆ.
ಅವಳು ಬೆರಳ ಮಸಿಯನ್ನು ಕಚೇರಿ ಗೋಡೆಗೆ ಎಳೆದೊರೆಸಿ
ಮಧ್ಯಾಹ್ನದ ಬಸ್ಸು ಹಿಡಿದಳು.

ಎರಡು ವರ್ಷ ಕಳೆದು ಮತ್ತೆ ಬಂದಳು, ಮಡಿಲಲ್ಲಿ ಪಾಸ್‌ಬುಕ್ಕು.
‘ನಾಕು ದಪ ಹೋಗಿ ದುಡ್ಡು ತಕ್ಕಂಡಿದ್ದೀನಂತೆ ಅಣ್ಣಯ್ಯ,
ಹತ್ತತ್ತು ಸಾವ್ರ.
ಯಾವೂರಲ್ಲಿ ಅಂದ್ರೆ ಬ್ಯಾಂಕಿನ ಹುಡುಗಂಗೆ
ಆ ಊರ ಹೆಸರು ಓದಕ್ಕೇ ಬರ್ನಿಲ್ಲ.
ಹೆಬ್ಬೆಟ್ಟು ನಂದೇ ಅಂತೆ.
ರೇಷನ್ ಅಂಗ್ಡಿ ಮಿಷನ್ನು ನನ್ನ ಕಂಡ್ರೆ ಕೆಂಪ್ ದೀಪ ಹಾಕ್ತದೆ,
ಆ ಊರ ಮಿಷನ್ನು ಹೆಂಗ್ ಒಪ್ತು?’

ಹೇಗೆ ಹೇಳಲಿ.
ಯಾರೋ ಎಲ್ಲೋ ಪತ್ರದ ನಕಲು ತೆಗೆದಿದ್ದಾರೆ.
ಒಂದು ಪುಟದಲ್ಲಿ ಆಧಾರ್ ನಂಬರು, ಇನ್ನೊಂದರಲ್ಲಿ ಹೆಬ್ಬೆಟ್ಟು.
ಅಂಟು ಹೊಯ್ದು ಅಚ್ಚು ಎತ್ತಿದ್ದಾರೆ,
ಹುಣಿಸೆ ಬೀಜದಷ್ಟು ರಬ್ಬರು.
ಅದು ಬೇಯುವುದಿಲ್ಲ, ಸವೆಯುವುದಿಲ್ಲ,
ಕೂಲಿಗೆ ಹೋಗುವುದಿಲ್ಲ.
ಮಿಷನ್ನಿಗೆ ಅದೇ ಹೆಚ್ಚು ಶಿವನಂಜಮ್ಮ.

ಸುಮ್ಮನಿದ್ದಳು. ಆಮೇಲೆ,
‘ಗೂಡಿನ ತುದಿ ಸಿಕ್ಬುಟ್ರೆ ಅಷ್ಟೇ ಅಣ್ಣಯ್ಯ,
ಒಂದೇ ಎಳೆ, ಕೊನೆಗಂಟ ಬತ್ತದೆ.
ನಾವು ಹಬೆಗಿಟ್ಟು, ಹುಳ ಸತ್ಮೇಲೆ ಬಿಚ್ತೀವಿ.
ಇವ್ರು ಬದುಕಿದ್ದಂಗೇ ಬಿಚ್ಕಂಡವ್ರೆ.’

ತುದಿ ಹುಡುಕಿ ಕೊಟ್ಟವನು ಎದುರಿಗೇ ಕೂತಿದ್ದೆ.
ಹೇಳಲಿಲ್ಲ.

ಸಾವಿರದೊಂಬೈನೂರ ಮೂವತ್ತಕ್ಕೆ ಫೋನು,
ಬ್ಯಾಂಕಿಗೊಂದು ಅರ್ಜಿ, ಠಾಣೆಗೊಂದು, ಬರೆದದ್ದಕ್ಕೆ ದುಡ್ಡು ತಗೊಳ್ಳಲಿಲ್ಲ.
ಸೊಸೆಯ ಮೊಬೈಲಲ್ಲಿ ಅವಳ ಬೆರಳಿಗೆ ಬೀಗ.
‘ಬೀಗವಾ? ನಾಳೆ ಅಕ್ಕಿ ತರದು ಹೆಂಗೆ?’
ಬೇಕಾದಾಗ ತೆಗೆ, ಕೆಲಸವಾದ ಮೇಲೆ ಹಾಕು.
‘ಕೊಟ್ಟಿಗೆ ಬಾಗ್ಲಂಗೆ ಅನ್ನಿ’ ಅಂದಳು.
ಮೂರು ಸಲದ್ದು ವಾಪಸು ಬಂತು.
ಒಂದು ಇನ್ನೂ ಪರಿಶೀಲನೆಯಲ್ಲಿದೆ.

ಈಗ ಯಾರು ಆಧಾರಿನ ನಕಲು ತಂದರೂ
ಅಡ್ಡಕ್ಕೆ ಎರಡು ಗೆರೆ ಎಳೆದು ಬರೆಯುತ್ತೇನೆ:
ಇಂಥ ಪತ್ರಕ್ಕೆ, ಇಂಥ ತಾರೀಖಿಗೆ, ಇಷ್ಟಕ್ಕೆ ಮಾತ್ರ.
ಕೆಟ್ಟ ಜೆರಾಕ್ಸು ಕಡಲೆಕಾಯಿ ಮಾರುವ ಪುಟ್ಟಮಾದನಿಗೆ ಕೊಡುವುದಿಲ್ಲ,
ಸಂಜೆ ಮರದಡಿ ಸುಡುತ್ತೇನೆ. ಅವನಿಗೆ ಸಿಟ್ಟು.
ಪಕ್ಕದ ಮೇಜಿನವರು ನಗುತ್ತಾರೆ:
ಇಷ್ಟು ದಿನ ಜಮೀನಿಗೆ ಬರೆದ,
ಈಗ ಮನುಷ್ಯರಿಗೂ ಚೆಕ್ಕುಬಂದಿ.

ಮೊನ್ನೆ ಗೋಡೆಗೆ ಸುಣ್ಣ ಹೊಡೆಯುವವರು ಬಂದರು.
ತಡೆಯಿರಿ ಅಂದು ಹತ್ತಿರ ಹೋಗಿ ನೋಡಿದೆ.
ಸೊಂಟದೆತ್ತರಕ್ಕೆ ಸಾವಿರ ಹೆಬ್ಬೆರಳ ನೀಲಿ, ಒಂದರ ಮೇಲೊಂದು.
ಅವಳದು ಯಾವುದು ಎಂದು ಹುಡುಕಿದೆ.
ತಿಳಿಯಲಿಲ್ಲ.
ಎಳೆದೊರೆಸಿದ ಮಸಿಯಲ್ಲಿ ಯಾರ ಗೆರೆಯೂ ಇರುವುದಿಲ್ಲ.

ಅಲ್ಲೇ ಸ್ವಲ್ಪ ಹೊತ್ತು ನಿಂತೆ,
ಹಾಯೆನಿಸಿತು.