ಬುಟ್ಟಿ ಇಳಿಸಿದ ಮೇಲೆ

ಮಂಡಿಚಿಪ್ಪು ಸವೆದಿದೆ ಎಂದರು ಡಾಕ್ಟರು
ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು.
ಇಪ್ಪತ್ತಾರು ವರ್ಷ ತಲೆಯ ಮೇಲಿದ್ದ ಭಾರ
ಯಾವಾಗಲೋ ಮೊಣಕಾಲಿಗೆ ಇಳಿದಿತ್ತು.
ಇನ್ನು ಬುಟ್ಟಿ ಬೇಡ,
ಮನೆಯಲ್ಲೇ ಕೂತು ಮಾಡುವಂಥದ್ದು ಏನಾದರೂ ನೋಡಿ.

ನೋಡಿದೆ.
ಕೋಡಿಬಾಗದ ಮನೆಯಲ್ಲಿ ಕೂರಲು ಎಷ್ಟು ಜಾಗವಿದೆ ಎಂದು ಮೊದಲು ನೋಡಿದೆ:
ಒಂದು ಕೋಣೆ, ಒಂದು ಅಡುಗೆಮೂಲೆ,
ಒಂದೇ ಒಂದು ಪ್ಲಗ್ಗು,
ಅದರಲ್ಲಿ ಮಗಳ ಫೋನು ಹಗಲೂ ರಾತ್ರಿ ನೇತಾಡುತ್ತದೆ.

ನಾದಿನಿ ವಿಜಯಂತಿ ಹೊಲಿಗೆಯಂತ್ರ ತೋರಿಸಿದಳು.
ಫಾಲ್, ಪಿಕೋ, ಸೀರೆಗೆ ಇಷ್ಟು;
ಮಾತಾಡದೆ ಮಾಡಿದರೆ ದಿನಕ್ಕೆ ಐದು ಮುಗಿಯುತ್ತದೆ ಅಂದಳು.
ಪೆಡಲು ತುಳಿದೆ.
ಬೇಡ ಎಂದು ಮೊಣಕಾಲೇ ಹೇಳಿತು.
ಮೋಟಾರು ಹಾಕಿಸಬಹುದು, ಸಂಘದಲ್ಲಿ ಸಾಲ ಸಿಗುತ್ತದೆ.
ಸಿಗುತ್ತದೆ. ನನ್ನ ಕಿವಿಯಲ್ಲಿ ಕೂತದ್ದು
ಆ ಮಾತಾಡದೆ ಎಂಬ ಮಾತು.

ಸಂಘದ ಫಿಲೋಮಿನಾಬಾಯಿ ಕೋಕಂ ಶರಬತ್ತು ಎಂದರು.
ಬಾಟಲಿಗೆ ಚಂದದ ಲೇಬಲ್ಲು,
ಗೋವೆಗೆ ಹೋಗುವ ಕಾರುಗಳು ನಿಂತು ಕೊಳ್ಳುತ್ತವೆ.
ಎರಡು ಬಾಟಲಿ ಮಾಡಿದೆ.
ತಾರ್ಲೆಯ ವಾಸನೆ ಬಂತೋ,
ಬಂದಂತೆ ನನಗೊಬ್ಬಳಿಗೇ ಅನಿಸಿತೋ,
ಲಿಂಬೆ ಉಜ್ಜಿ ಕೈ ತೊಳೆದೆ, ಹುಣಸೆ ಉಜ್ಜಿ ತೊಳೆದೆ,
ಆಮೇಲೆ ಸಿಟ್ಟು ಬಂದು ಬಿಟ್ಟೆ.

ಕೈಗಾ ಬಸ್ಸು ಹತ್ತುವ ಹುಡುಗರಿಗೆ ಊಟದ ಡಬ್ಬಿ.
ಅದರ ಲೆಕ್ಕವನ್ನು ಪ್ರಣಾಲಿ
ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಳು:
ಅಕ್ಕಿ, ಗ್ಯಾಸು, ಎಣ್ಣೆ, ಕಾಯಿ,
ತಿಂಗಳ ಕೊನೆಗೆ ದುಡ್ಡು ಕೊಡದವರು.
ಈ ಕೊನೆಯದನ್ನು ಯಾವ ಕಾಲೇಜಿನಲ್ಲಿ ಕಲಿತೆ, ಎಂದೆ.
ನಿನ್ನ ಬುಟ್ಟಿಯಲ್ಲಿ, ಅಂದಳು.

ಎಲ್ಲರೂ ಡಜನ್ನಿಗೆ ಎಷ್ಟು, ಲೀಟರಿಗೆ ಎಷ್ಟು ಎಂದೇ ಹೇಳಿದರು.
ಕಾಜುಬಾಗದ ತಿರುವಿನಲ್ಲಿ ನಾನು ಒಮ್ಮೆ ಕೂಗಿದರೆ
ಮೂರನೇ ಮಹಡಿಯಲ್ಲಿ ಮಸಾಲೆ ಅರೆಯಲು ಶುರು.
ಹತ್ತು ರೂಪಾಯಿಗೆ ಅರ್ಧ ತಾಸು ಜಗಳ,
ನಡುವೆ ಅವಳ ಅತ್ತೆಯ ಸಕ್ಕರೆಕಾಯಿಲೆ, ಮಗನ ಪರೀಕ್ಷೆ,
ಕೊನೆಗೆ ಎರಡು ಬಂಗಡೆ ಹೆಚ್ಚಿಗೆ ಹಾಕಿ
ಗೆದ್ದವಳ ಹಾಗೆ ಬರುತ್ತಿದ್ದೆ.
ಇದನ್ನು ಮನೆಯ ಯಾವ ಪ್ಲಗ್ಗಿಗೆ ಸಿಕ್ಕಿಸಲಿ?

ಎರಡು ವಾರ ಸುಮ್ಮನೆ ಕೂತೆ.
ಬುಟ್ಟಿಯಲ್ಲಿ ಬೆಕ್ಕು ಮರಿ ಹಾಕಿತು,
ನನ್ನ ಸಿಂಬಿ ಅವಕ್ಕೆ ದಿಂಬು.

ಒಂದು ಬುಧವಾರ ಅಣ್ಣ ಉಲ್ಲಾಸ
ಕೂರ್ಮಗಡದ ಕಲ್ಲಿಗೆ ಸಿಕ್ಕು ಹರಿದ ಬಲೆಯನ್ನು
ಟೆಂಪೋದಲ್ಲಿ ತಂದು ಸುರಿದ.
ಬೈತಕೋಲದ ಹುಡುಗರಿಗೆ ಗಂಟು ಬರುವುದಿಲ್ಲ,
ನಿನಗೆ ನೆನಪಿದೆಯಾ?
ಹೆಂಗಸರ ಕೆಲಸವಲ್ಲ, ಕೂಲಿಯೂ ಅಷ್ಟಕ್ಕಷ್ಟೇ.

ಅಪ್ಪ ತಮಾಷೆಗೆ ಕಲಿಸಿದ್ದು,
ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ:
ಕಣ್ಣು ಸಣ್ಣದಾದರೆ ಮರಿಮೀನು ಸಾಯುತ್ತದೆ ಮಗಾ,
ದೊಡ್ಡದಾದರೆ ನಾವು.

ಬಲೆ ಕೋಣೆಯಲ್ಲಿ ಹಿಡಿಸಲಿಲ್ಲ.
ಹೊಸ್ತಿಲು ದಾಟಿತು, ಜಗಲಿ ಇಳಿಯಿತು,
ಓಣಿಯಲ್ಲಿ ಹರಡಿ ಎದುರುಮನೆ ಮಾಬುಬಿಯ ಮೆಟ್ಟಿಲು ಹತ್ತಿತು.
ವಿಜಯಂತಿ ನಿಂತಲ್ಲೇ ಲೆಕ್ಕ ಹಾಕಿದಳು:
ಐದು ಸೀರೆಯ ಅರ್ಧವೂ ಇಲ್ಲವಲ್ಲೇ.
ಅರ್ಧಕ್ಕಿಂತ ಒಂಚೂರು ಹೆಚ್ಚು, ಎಂದೆ, ತಲೆ ಎತ್ತದೆ.

ಹಾಲಿನವನು ಈಗ ಸೈಕಲ್ಲು ಹೊತ್ತು ದಾಟುತ್ತಾನೆ.
ಶಾಲೆಯ ಮಕ್ಕಳು ಕುಂಟಾಬಿಲ್ಲೆಯ ಹಾಗೆ ಹಾರುತ್ತಾರೆ.
ಕರೆಂಟು ಬಿಲ್ಲಿನವನೂ ತುದಿಯಲ್ಲಿ ನಿಂತು ನನ್ನನ್ನು ಕೇಳಬೇಕು.
ಏ, ಚಪ್ಪಲಿ ಬಿಚ್ಚು! ಎಡಕ್ಕೆ, ಎಡಕ್ಕೆ!
ಅಮ್ಮಾ, ಕಾಳಿ ಸೇತುವೆಯವರೆಗೆ ಕೇಳುತ್ತದೆ
ಎಂದು ಪ್ರಣಾಲಿ ನಾಚಿಕೊಂಡು ಬಾಗಿಲು ಮುಚ್ಚುತ್ತಾಳೆ,
ಬಲೆ ಅಡ್ಡ ಬಂದು ಅದು ಮುಚ್ಚುವುದಿಲ್ಲ.

ಕಾಲು ನೀಡಿ ಕೂತಿದ್ದೇನೆ.
ಈ ಬಲೆ ಶನಿವಾರಕ್ಕೆ ಮುಗಿಯಬೇಕು,
ಇನ್ನೊಂದು ಬರುತ್ತದೋ ಇಲ್ಲವೋ, ಅಣ್ಣ ಹೇಳಿಲ್ಲ.
ಸೋಮವಾರದವರೆಗೆ ಎಳೆಯಬಹುದೇನೋ ಎಂದು
ಸರಿಯಾಗಿಯೇ ಬಿದ್ದ ಒಂದು ಗಂಟನ್ನು
ಬಿಚ್ಚುತ್ತಿದ್ದೇನೆ.