ಒಂದು ಕಮ್ಮಿ

ಹೊಸೂರು, ಎರಡನೇ ಪಾಳಿ.
ಉಪಗ್ರಹಕ್ಕೆ ಹೋಗುವ ನಲವತ್ತು ತಿರುಪಿನಲ್ಲಿ
ತಟ್ಟೆಗೆ ಬಂದದ್ದು ಮೂವತ್ತೊಂಬತ್ತು.
"ಸಿಗೋಗಂಟ ಬಾಗ್ಲು ತೆಗೆಯಲ್ಲ"
ತಪಾಸಣೆಯ ಮುನಿಚೌಡಮ್ಮ.

ಟಾರ್ಚು ಹಿಡಿದು ಲೇತಿನಡಿ ತೆವಳಿದೆ:
ಜಿಡ್ಡು, ಲೋಹದ ಸಿಪ್ಪೆ,
ಯಾರದೋ ಬೀಡಿಯ ಮೋಟು.

ಮೇಲೆ ಹೀಗಲ್ಲವಂತೆ.
ಕೈಜಾರಿದ್ದು ನೆಲಕ್ಕೆ ಬೀಳದೆ
ಗುಂಡಿಗಿಂತ ಜೋರಾಗಿ ಸುತ್ತುತ್ತಲೇ ಇರುತ್ತದಂತೆ;
ಉದುರಿದ ಬಣ್ಣದ ಹಕ್ಕಳೆಗೂ
ಗಾಜು ಕುಳಿಬೀಳುತ್ತದಂತೆ.
ಅಲ್ಲಿ ಬಾಗಿಲು ಎಲ್ಲಿ,
ಹಾಕಿಕೊಂಡು ಹುಡುಕಲಿಕ್ಕೆ?

ಹನ್ನೊಂದೂವರೆಗೆ ಸಿಕ್ಕಿತು,
ಅವಳದೇ ಚಪ್ಪಲಿಯ ಅಟ್ಟೆಯಲ್ಲಿ.
ಯಾರೂ ನಗಲಿಲ್ಲ.
ಕೆಂಪು ಡಬ್ಬಿಗೆ ಹಾಕಿದಳು; ಅದಿನ್ನು ಹಾರುವುದಿಲ್ಲ.
ನಲವತ್ತು, ಎಂದು ಬರೆದು
ಡೆಂಕಣಿಕೋಟೆಯ ಕಡೇ ಬಸ್ಸು ತಪ್ಪಿದ ನಮ್ಮನ್ನು
ಒಬ್ಬೊಬ್ಬರಾಗಿ ಎಣಿಸಿ
ಹೊರಗೆ ಬಿಟ್ಟಳು.