ಗಂಟು

ಹೆಬ್ಬಾಳದ ಮೇಲ್ಸೇತುವೆ ಇಳಿದು, ಕೃಷಿ ಕಾಲೇಜಿನ ಗೇಟು ದಾಟಿದರೆ
ಕೆಮ್ಮಣ್ಣಿನ ಹದಿನಾರು ಮಡಿ.
ಒಂದೇ ತಳಿಯ ಸೋಯಾ, ಒಂದೇ ಗೊಬ್ಬರ, ಒಂದೇ ದಿನದ ಬಿತ್ತನೆ.
ಬೇರೆಯಾಗಿದ್ದದ್ದು ನಡುವಿನ ಜಾಗ ಮಾತ್ರ.

ನಾಲ್ಕು ಹಗ್ಗ ತಂದಿದ್ದೆ.
ಐದಕ್ಕೊಂದು ಗಂಟು, ಏಳೂವರೆಗೊಂದು,
ಹತ್ತಕ್ಕೊಂದು, ಹದಿನೈದಕ್ಕೊಂದು. ಎಲ್ಲ ಸೆಂಟಿಮೀಟರು.
ಪಿಳ್ಳಮ್ಮ ಎಳೆದು ನೋಡಿ ನಕ್ಕಳು:
"ಕಾಳ್ಗೂ ಸೈಟ್ ಅಳ್ದು ಕೊಡ್ತೀಯೇನವ್ವಾ?"

ಬೆಲ್ಲದ ನೀರು ಕಾಯಿಸಿ, ಆರಿಸಿ,
ಕಪ್ಪು ಪುಡಿಯ ಪಾಕೀಟು ಬಿಚ್ಚಿ ಬೀಜಕ್ಕೆ ಸವರಿದೆವು.
ಇದರೊಳಗೆ ಕೋಟಿ ಜೀವ ಇದೆ ಎಂದೆ.
ಅವಳು ಮಾತಾಡದೆ
ಬೋಗುಣಿಗೆ ಬಿಸಿಲು ಬೀಳದ ಹಾಗೆ ಸೆರಗು ಹಿಡಿದು ಕೂತಳು.

ತಿಂಗಳಿಗೆ ಒತ್ತಾದ ಮಡಿಯೇ ಚೆಂದ.
ನೆಲವೇ ಕಾಣದ ಹಸಿರು; ಗೈಡ್ ಸಾಹೇಬರು ಫೋಟೋ ತೆಗೆದುಕೊಂಡರು.
ಹದಿನೈದರ ಮಡಿಯಲ್ಲಿ ಬರೀ ಕಳೆ, ಬೋಳು ಮಣ್ಣು.
ನಾನೂ ಒತ್ತಿನ ಕಡೆಗೇ ವಾಲಿದ್ದೆ.
ಕೊಡಿಗೇಹಳ್ಳಿಯ ಪೀಜಿಯಲ್ಲಿ ನಮ್ಮದು ಐವರ ಕೋಣೆ,
ಟವೆಲ್ಲು ಒಣಗಿಸಲೂ ಸರದಿ,
ಆದರೂ ಯಾರೂ ಸತ್ತಿಲ್ಲವಲ್ಲ.

ನಲವತ್ತೈದನೇ ದಿನ ಬೇರು ನೋಡುವ ದಿನ.
ಜಗ್ಗಿದರೆ ಬೇರಿನ ಗಂಟು ಉದುರಿಹೋಗುತ್ತವೆ;
ಹೆಂಟೆ ಸಮೇತ ಎತ್ತಿ, ಬಕೆಟ್ಟಿನಲ್ಲಿ ನೆನೆಸಿ,
ಕೂಸಿನ ತಲೆ ತೊಳೆದಂತೆ ತೊಳೆಯಬೇಕು.
ಒಂದೊಂದೇ ಗಂಟನ್ನು ಬ್ಲೇಡಿನಲ್ಲಿ ಸೀಳಿದೆ.
ಒಳಗೆ ನಸುಗೆಂಪಿದ್ದರೆ ಒಲೆ ಉರಿಯುತ್ತಿದೆ,
ಗಾಳಿಯ ಸಾರಜನಕ ಬೆಂದು ಗಿಡದ ಅನ್ನವಾಗುತ್ತಿದೆ.
ಹಸಿರೋ ಬಿಳಿಯೋ ಇದ್ದರೆ ಬಾಗಿಲು ಹಾಕಿದ ಮನೆ.

ಐದರ ಗಿಡಕ್ಕೆ ಹನ್ನೊಂದು ಗಂಟು, ಸಾಸಿವೆಯಷ್ಟು.
ಹದಿನೈದರದಕ್ಕೆ ಮೂವತ್ತೆಂಟು, ಕೆಲವು ಮೆಣಸಿನ ಕಾಳಿನಷ್ಟು.
ಸಕ್ಕರೆ ಮಾಡುವುದು ಎಲೆ;
ಕೆಳಗಿನೆಲೆ ಕತ್ತಲಲ್ಲೇ ಹಳದಿಯಾದರೆ
ಬೇರಿನ ಬಿಡಾರದವರಿಗೆ ಕೂಲಿ ಎಲ್ಲಿಂದ?

"ಹಂಗಾರೆ ದೂರ ಹಾಕಾದೇ ಸರಿ."
ಅಲ್ಲ ಪಿಳ್ಳಮ್ಮಾ, ಗಿಡದ ಲೆಕ್ಕ ಬೇರೆ, ನೆಲದ ಲೆಕ್ಕ ಬೇರೆ.
ಚದರ ಮೀಟರಿಗೆ ಅಲ್ಲಿ ಅರವತ್ತಾರು ಗಿಡ, ಇಲ್ಲಿ ಇಪ್ಪತ್ತೆರಡು,
ಗುಣಿಸಿ ನೋಡು, ಅಂತರ ಅಷ್ಟೇನಿಲ್ಲ.
ಅವಳು ಗುಣಿಸಲಿಲ್ಲ.
ವೀಳ್ಯದೆಲೆಗೆ ಸುಣ್ಣ ಹಚ್ಚಿದಳು.

ಸೆಪ್ಟೆಂಬರಿನಲ್ಲಿ, ಏರ್‌ಪೋರ್ಟ್ ರಸ್ತೆ ಕೆರೆಯಾದ ಆ ರಾತ್ರಿ,
ಐದರ ಮಡಿ ನಾಲ್ಕೂ ಮಲಗಿಬಿಟ್ಟವು.
ಬೆಳಕಿಗೆ ಪೈಪೋಟಿ ಬಿದ್ದು ಉದ್ದವಾಗಿದ್ದ ಸಣಕಲು ದಂಟು
ಒಂದರ ಮೇಲೊಂದು; ನೆಲ ಮುಟ್ಟಿದ ಕಾಯಿ ಕೊಳೆತವು.
ಕೊನೆಗೆ ಇಳುವರಿಯಲ್ಲಿ ಗೆದ್ದದ್ದು ಹತ್ತರದು,
ಏಳೂವರೆಗಿಂತ ಒಂದು ಹಿಡಿ ಹೆಚ್ಚು.
ಆ ಹಿಡಿಯನ್ನು ನಂಬಬೇಡ ಎಂದಿತು ಕಂಪ್ಯೂಟರು.

ಪ್ರಬಂಧದಲ್ಲಿ ಇಲ್ಲದ್ದು ಒಂಬತ್ತನೇ ಮಡಿಯ ಮಾತು.
ಅದೂ ಐದರದೇ. ಬಿತ್ತಿದ ವಾರಕ್ಕೆ ನವಿಲು ಬಂದು
ಮೂರನೇ ಸಾಲಿನಲ್ಲಿ ಏಳು ಮೊಳಕೆ ಕುಕ್ಕಿ ಹೋಗಿತ್ತು.
ಆ ಖಾಲಿಯ ಅಂಚಿನಲ್ಲಿದ್ದ ಒಂದು ಗಿಡ
ಮೊದಲು ಒಂದು ಕೊಂಬೆ ಚಾಚಿ ನೋಡಿತು,
ಯಾರೂ ಬೈಯಲಿಲ್ಲ,
ಆಮೇಲೆ ಐದು.
ಮಳೆಯ ಮರುದಿನ ಇಡೀ ಮಡಿಯಲ್ಲಿ ನಿಂತಿದ್ದು ಅದೊಂದೇ.
ನೂರಾ ನಲವತ್ತಾರು ಕಾಯಿ. ಎರಡು ಸಲ ಎಣಿಸಿದೆ.
ಬರೆದುಕೊಳ್ಳಲಿಲ್ಲ: ಖಾಲಿ ಪಕ್ಕದ ಗಿಡವನ್ನು
ಮಾದರಿಗೆ ಆರಿಸುವಂತಿಲ್ಲ.

ಪಿಳ್ಳಮ್ಮ ಅದನ್ನು ಬೇರೆಯಾಗಿಯೇ ಬಡಿದು
ಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.
ಎಲ್ಲಿ ಬಿತ್ತುತ್ತೀ ಎಂದೆ.
"ಜಾಗ ಎಲ್ಲೈತೆ? ಶೀಟಿನ ಮನೆ ಮುಂದೆ ಒಂದ್ ಪೇಂಟ್ ಡಬ್ಬ ಐತೆ.
ತಳಕ್ಕೆ ತೂತ ಮಾಡಾಕೆ ಮೊಳೆ ಇದ್ರೆ ಕೊಡು."

ಒಂದು ಡಬ್ಬಕ್ಕೆ ಎಷ್ಟು ಕಾಳು
ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.
ಶೆಡ್ಡಿನ ಗೋಡೆಯಲ್ಲಿ ಹಗ್ಗ ನೇತುಹಾಕಿದ್ದ ಮೊಳೆಯನ್ನೇ
ಅಲ್ಲಾಡಿಸಿ ಕಿತ್ತು ಕೊಟ್ಟೆ.